ಪುಕ್ಕಟೆ ಸಲಹೆಯ ದುಬಾರಿ ಲೆಕ್ಕ

ನಮ್ಮ ಮಳಗಿ ಸೀಮೆಯಲ್ಲಿ ಒಂದು ನಂಬಿಕೆ ಬಹುಕಾಲದಿಂದ ಬೇರೂರಿದೆ. ಸಲಹೆಯೆಂಬುದು ಬರಿಯ ಬಾಯಿಮಾತು, ಬಾಯಿಮಾತಿಗೆ ಹಣ ತೆರುವವನು ಮೂರ್ಖ ಎಂಬುದೇ ಆ ನಂಬಿಕೆ. ಛಾಪಾ ಕಾಗದಕ್ಕೆ ಹಣ ಕೊಡುತ್ತೇವೆ, ಝೆರಾಕ್ಸಿಗೆ ಕೊಡುತ್ತೇವೆ, ಮುಂಡಗೋಡಿಗೆ ಹೋಗಿಬರುವ ಜೀಪಿಗೆ ಕೊಡುತ್ತೇವೆ, ‘ಸಾಹೇಬರು ನನ್ನ ಮಾತು ಮೀರುವುದಿಲ್ಲ’ ಎನ್ನುವ ಪುಢಾರಿಗೆ ಊಟ ಹಾಕಿಸಿ ದಕ್ಷಿಣೆಯನ್ನೂ ಕೊಡುತ್ತೇವೆ. ಆದರೆ ತಲೆಮಾರುಗಳಿಂದ ಉತ್ತುಬಂದ ನೆಲದ ಕಾಗದಪತ್ರಗಳನ್ನು ಬಲ್ಲ ವಕೀಲರೊಬ್ಬರ ಮುಂದೆ ಹರಡಿ, ಅವರ ಒಂದು ಗಂಟೆಯ ಬುದ್ಧಿಗೆ ತಕ್ಕ ಶುಲ್ಕ ಕೊಡಬೇಕೆಂದಾಗ ಕೈ ಜೇಬಿನೊಳಗೇ ಉಳಿದುಬಿಡುತ್ತದೆ.

ನಾನು ಸೇವೆಯಲ್ಲಿದ್ದಾಗ ಶಾಲೆ ಬಿಟ್ಟ ಮೇಲೆ ಅರ್ಜಿ ಬರೆಸಿಕೊಳ್ಳಲು ಬರುತ್ತಿದ್ದವರಿಗೆ ಲೆಕ್ಕವಿರಲಿಲ್ಲ. ಅಕ್ಷರ ಬಲ್ಲವನು ಕಾನೂನನ್ನೂ ಬಲ್ಲನೆಂದು ಆ ಮುಗ್ಧರ ತಿಳಿವಳಿಕೆ. ‘ಮಾಸ್ತರ್ರೇ, ನೀವೇ ಏನಾರ ಚಲೋ ಮಾಡಿ ಬರೀರಿ’ ಎನ್ನುತ್ತಿದ್ದರು. ಬರೆದುಕೊಟ್ಟು, ಇದನ್ನೊಮ್ಮೆ ವಕೀಲರಿಗೆ ತೋರಿಸಿಕೊಂಡು ಹೋಗಿರೆಂದು ಪ್ರತಿಯೊಬ್ಬರಿಗೂ ಹೇಳಿದ್ದುಂಟು. ತೋರಿಸಿದವರು ಬೆರಳೆಣಿಕೆಯಷ್ಟು ಮಂದಿ.

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ನನ್ನೆದುರು ಒಡ್ಡುವವರಿದ್ದಾರೆ. ಗಾದೆ ಸುಳ್ಳಲ್ಲ. ಆದರೆ ಅದು ಹೇಳುವುದು ಖಟ್ಲೆಯ ಮಾತನ್ನು, ಸಲಹೆಯ ಮಾತನ್ನಲ್ಲ. ಒಳ್ಳೆಯ ವಕೀಲನ ಅರ್ಧ ಕಸುಬು ಕಕ್ಷಿದಾರನನ್ನು ಕೋರ್ಟಿನ ಮೆಟ್ಟಿಲು ಹತ್ತದಂತೆ ತಡೆಯುವುದರಲ್ಲಿದೆ. ಇವೆರಡನ್ನೂ ಒಂದೇ ಎಂದು ಭಾವಿಸಿ, ಖಟ್ಲೆಯ ಭಯದಿಂದ ಸಲಹೆಯನ್ನೂ ತೊರೆದವರು ಕಡೆಗೆ ಖಟ್ಲೆಯಲ್ಲೇ ಬಿದ್ದು ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಅವಜ್ಞೆ ಹಳ್ಳಿಗರದ್ದು ಮಾತ್ರವಲ್ಲ, ಸರಕಾರವೂ ಇದರಲ್ಲಿ ಪಾಲುದಾರ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯನ್ನು ನೆನೆಯಿರಿ. ದೇವರಾಜ ಅರಸರ ಕಾಲದ ಆ ಕಾನೂನು ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಅದರ ಹಿರಿಮೆಯನ್ನು ನಾನು ಎಂದೂ ಅಲ್ಲಗಳೆಯಲಾರೆ. ಆದರೆ ಅದೇ ಕಾನೂನಿನ 48ನೆಯ ಕಲಮಿನ ಎಂಟನೆಯ ಉಪಕಲಮು, ಭೂನ್ಯಾಯಮಂಡಳಿಯ ಮುಂದೆ ಯಾವ ವಕೀಲನೂ ಹಾಜರಾಗಕೂಡದೆಂದು ವಿಧಿಸಿತ್ತು. ಬಡ ಗೇಣಿದಾರನನ್ನು ವಕೀಲರ ಸುಲಿಗೆಯಿಂದ ಕಾಪಾಡುವುದು ಅದರ ಉದ್ದೇಶವಾಗಿದ್ದೀತು. ಆದರೆ ಆ ನಿಷೇಧ ಮುಚ್ಚಿದ್ದು ನ್ಯಾಯಮಂಡಳಿಯ ಬಾಗಿಲನ್ನೇ ಹೊರತು ವಕೀಲರ ಮನೆಯ ಬಾಗಿಲನ್ನಲ್ಲ. ಧಣಿಯು ಹಿಂದಿನ ರಾತ್ರಿಯೇ ಶಿರಸಿಗೋ ಹುಬ್ಬಳ್ಳಿಗೋ ಹೋಗಿ, ಏನನ್ನು ಹೇಳಬೇಕು, ಯಾವ ರಸೀದಿ ತೋರಿಸಬೇಕು, ಯಾವುದನ್ನು ಮರೆಮಾಚಬೇಕು ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡು ಬರಬಲ್ಲವನಾಗಿದ್ದ. ಗೇಣಿದಾರನೋ, ಏಳನೆಯ ನಮೂನೆಯ ಅರ್ಜಿಯನ್ನು ಕೈಯಲ್ಲಿ ಹಿಡಿದು, ಅಸಿಸ್ಟಂಟ್ ಕಮಿಷನರರ ಮುಂದೆ ಬೆವರುತ್ತ ನಿಂತ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಸಾಕ್ಷಿ ನುಡಿಸಿ ಗೇಣಿಯನ್ನು ಸಾಧಿಸಬಹುದೆಂದು ಅವನ ಕಿವಿಯಲ್ಲಿ ಹೇಳುವವರು ಯಾರಿದ್ದರು? ಆ ಉಪಕಲಮನ್ನು ಸುಪ್ರೀಂ ಕೋರ್ಟು, ರಾಜ್ಯ ಶಾಸನಸಭೆಗೆ ಅಂಥ ಅಧಿಕಾರವಿಲ್ಲವೆಂದು ಹೇಳಿ, 1987ರಲ್ಲಿ ತೆಗೆದುಹಾಕಿತು. ಅರ್ಜಿ ಸಲ್ಲಿಸುವ ಕೊನೆಯ ದಿನವಾದ 1979ರ ಜೂನ್ 30 ಕಳೆದು ಆಗಲೇ ಎಂಟು ವರುಷವಾಗಿತ್ತು!

ಹಳೆಯ ಕತೆ ಬಿಡಿ ಎನ್ನುವಿರಾದರೆ ಇಂದಿನದನ್ನೇ ನೋಡೋಣ. ಉತ್ತರ ಕನ್ನಡದಲ್ಲಿ ‘ಅತಿಕ್ರಮಣದಾರ’ ಎಂಬ ಹಣೆಪಟ್ಟಿ ಹೊತ್ತು ಬದುಕುವ ಕುಟುಂಬಗಳು ಸಾವಿರಾರು. ಅವರಿಗಾಗಿಯೇ ಎಂಬಂತೆ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. 2008ರ ಜನವರಿ 1ಕ್ಕೆ ಅದರ ನಿಯಮಗಳೂ ಬಂದವು. ಊರೂರಿನಲ್ಲಿ ಅರ್ಜಿಗಳ ಸುಗ್ಗಿಯೇ ನಡೆಯಿತು. ಫಾರಂ ಹಂಚಿದವರುಂಟು, ತುಂಬಿಕೊಟ್ಟವರುಂಟು, ತುಂಬಿಕೊಟ್ಟಿದ್ದಕ್ಕೆ ಮತ ಕೇಳಿದವರೂ ಉಂಟು. ಆ ಕಾಯ್ದೆ ಏನು ಹೇಳುತ್ತದೆಂದು ಬಿಡಿಸಿ ಹೇಳಿದವರು ಮಾತ್ರ ವಿರಳ. ಜಿಲ್ಲೆಯಲ್ಲಿ ಬಹುಪಾಲು ಅರ್ಜಿಗಳು ತಿರಸ್ಕೃತವಾದವು. ಎಪ್ಪತ್ತೈದು ವರುಷದ ದಾಖಲೆಯಿಲ್ಲ ಎಂಬ ಕಾರಣ ಎಲ್ಲೆಡೆ ಕೇಳಿಬಂತು.

ಈ ಎಪ್ಪತ್ತೈದು ವರುಷದ ಸಂಗತಿಯನ್ನು ಕೊಂಚ ನಿಂತು ನೋಡಬೇಕು. ಪರಿಶಿಷ್ಟ ಪಂಗಡದವರಲ್ಲದ ‘ಇತರ ಪಾರಂಪರಿಕ ಅರಣ್ಯವಾಸಿ’ಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ ಇಪ್ಪತ್ತೈದು ವರುಷದಂತೆ, ಅರಣ್ಯದಲ್ಲಿ ವಾಸವಿದ್ದು ಜೀವನೋಪಾಯಕ್ಕೆ ಅದನ್ನೇ ನೆಚ್ಚಿದವರಾಗಿರಬೇಕೆಂದು ಕಾಯ್ದೆ ಹೇಳುತ್ತದೆ. ಇದು ವಾಸದ ಮಾತು. ಸಾಗುವಳಿಯ ನೆಲದ ಬಗ್ಗೆ ಅದೇ ಕಾಯ್ದೆಯ 4ನೆಯ ಕಲಮು ಹೇಳುವುದು ಬೇರೆ: 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲ ಅವರ ಸ್ವಾಧೀನದಲ್ಲಿರಬೇಕು, ಅಷ್ಟೇ. ಎರಡೂ ಬೇರೆ ಬೇರೆ ಷರತ್ತುಗಳು. ಇದೇ ಗದ್ದೆಯನ್ನು ಅಜ್ಜನ ಕಾಲದಿಂದ ಉಳುತ್ತಿದ್ದೇವೆಂದು ಕಾಗದ ತೋರಿಸಬೇಕೆಂಬ ಭ್ರಮೆಯಲ್ಲಿ ಎಷ್ಟು ಜನ ಕೈಚೆಲ್ಲಿ ಕುಳಿತರೋ! ಸಿದ್ದಿ ಬಾಂಧವರು 2003ರಲ್ಲಿಯೇ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರಿಗೆ ಈ ಮೂರು ತಲೆಮಾರಿನ ಲೆಕ್ಕವೇ ಅನ್ವಯಿಸದು. ಆ ಪಟ್ಟಿಗೆ ಸೇರದ ಗೌಳಿಗಳಿಗೆ ಅನ್ವಯಿಸುತ್ತದೆ. ಪಕ್ಕಪಕ್ಕದ ಕೇರಿಯ ಇಬ್ಬರಿಗೆ ಒಂದೇ ಮಾದರಿಯಲ್ಲಿ ಅರ್ಜಿ ಬರೆದುಕೊಡುವವನು ಕಾನೂನನ್ನು ಓದಿದವನಲ್ಲ.

ಇನ್ನು ಪುರಾವೆ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಪುರಾವೆಯೆಂದು 13ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಒಂದಕ್ಕಿಂತ ಹೆಚ್ಚು ಬಗೆಯ ಪುರಾವೆ ಬೇಕೆಂದೂ ಹೇಳುತ್ತದೆ. ಉಪಗ್ರಹದ ಚಿತ್ರವು ಉಳಿದ ಪುರಾವೆಗೆ ಪೂರಕವೇ ಹೊರತು ಅದರ ಬದಲಿಯಲ್ಲವೆಂದೂ, ತಿರಸ್ಕಾರದ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದೂ 2012ರ ತಿದ್ದುಪಡಿ ಸೇರಿಸಿದೆ. ಗ್ರಾಮಸಭೆಯ ಠರಾವಿನ ಮೇಲೆ ಉಪವಿಭಾಗ ಸಮಿತಿಗೆ, ಅದರ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ ಹೋಗಲು ಇರುವ ಅವಕಾಶ ಅರವತ್ತು ದಿನ. ಆ ಅರವತ್ತು ದಿನಗಳನ್ನು ನಮ್ಮವರು ಹೇಗೆ ಕಳೆದರು? ‘ಮುಂದಿನ ಇಲೆಕ್ಷನ್ ಆಗಲಿ, ಎಲ್ಲ ಸರಿಯಾಗ್ತದೆ’ ಎಂಬ ಪುಕ್ಕಟೆ ಸಲಹೆಯನ್ನು ನಂಬಿ ಕಳೆದರು. 2019ರ ಫೆಬ್ರವರಿ 13ರಂದು, ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದಾಗ ಊರೆಲ್ಲ ಗಾಬರಿಯಾಯಿತು. ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಮೈ ನಡುಗುತ್ತದೆ. ಅಂದು ನನ್ನ ಜಗಲಿಗೆ ಬಂದ ಒಬ್ಬ ಹಳೆಯ ವಿದ್ಯಾರ್ಥಿಯ ಕೈಯಲ್ಲಿ ಹಿಂಬರಹವೊಂದಿತ್ತು. ಅದು ಬಂದು ಮೂರು ವರುಷವಾಗಿತ್ತು. ಲಕೋಟೆಯನ್ನು ಜೋಪಾನವಾಗಿ ಟ್ರಂಕಿನಲ್ಲಿಟ್ಟಿದ್ದ, ಯಾರಿಗೂ ತೋರಿಸಿರಲಿಲ್ಲ.

ಹಾಗಾದರೆ ಒಳ್ಳೆಯ ಸಲಹೆಗಾರನನ್ನು ಹುಡುಕುವುದೆಲ್ಲಿ? ಪ್ರಶ್ನೆ ನ್ಯಾಯವಾದದ್ದೇ. ವಕೀಲರು ಜಾಹೀರಾತು ಕೊಡಕೂಡದೆಂದು ಬಾರ್ ಕೌನ್ಸಿಲಿನ ನಿಯಮವಿದೆ. ವೃತ್ತಿಯ ಘನತೆಗೆ ಅದು ಒಪ್ಪುವಂಥದ್ದೇ ಆದರೂ, ಬಸ್ಸಿಳಿದ ಹಳ್ಳಿಗನಿಗೆ ದಾರಿ ತೋರಿಸಲು ಕಡೆಗೆ ಉಳಿಯುವವನು ದಲ್ಲಾಳಿಯೊಬ್ಬನೇ. ಈ ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು 2023ರ ತಿದ್ದುಪಡಿ ಹೈಕೋರ್ಟಿಗೂ ಜಿಲ್ಲಾ ನ್ಯಾಯಾಧೀಶರಿಗೂ ಕೊಟ್ಟಿದೆ. ದಸ್ತಾವೇಜು ಬರೆಯುವವರನ್ನು ನಾನು ಹಳಿಯಲಾರೆ. ಅವರಿಗೆ ನಮೂನೆ ಗೊತ್ತು. ಆದರೆ ನಮೂನೆ ಬೇರೆ, ಹಕ್ಕು ಬೇರೆ. ಮೊಬೈಲಿನ ವಿಡಿಯೋ ನೋಡಿ ಕಾನೂನು ಹೇಳುವ ಹೊಸ ಪಂಡಿತರಂತೂ ನಮೂನೆಯನ್ನೂ ಅರಿಯರು.

ವಕೀಲರನ್ನು ಪೂರ್ತಿ ಬಿಟ್ಟುಬಿಡುವುದೂ ಸಲ್ಲದು. ಕಕ್ಷಿದಾರನಿಗೆ ಅವನ ಭಾಷೆಯಲ್ಲಿ ವಿಷಯ ತಿಳಿಸದೆ, ಪಡೆದ ಹಣಕ್ಕೆ ರಸೀದಿ ಕೊಡದೆ, ತಾರೀಖಿನ ಮೇಲೆ ತಾರೀಖು ಕಳೆಯುವವರನ್ನು ಕಂಡಿದ್ದೇನೆ. ‘ಗೆದ್ದರೆ ಜಮೀನಿನಲ್ಲಿ ಇಷ್ಟು ಪಾಲು’ ಎಂಬ ಕರಾರು ವೃತ್ತಿನಿಯಮಕ್ಕೇ ವಿರುದ್ಧ; ಅಂಥ ಮಾತಾಡಿದವನ ಕಚೇರಿಯಿಂದ ಆ ಕ್ಷಣವೇ ಎದ್ದುಬರಬಹುದು. ನನ್ನ ಅಳತೆಗೋಲು ಸರಳ. ನಿಮ್ಮ ಕಾಗದಗಳನ್ನೆಲ್ಲ ಓದಿ, ನಿಮಗೆ ಹಿತವಲ್ಲದ ಮಾತನ್ನೂ ಹೇಳುವವನು ಒಳ್ಳೆಯ ವಕೀಲ. ಕಾಗದ ನೋಡುವ ಮುನ್ನವೇ ‘ಗೆದ್ದೇ ಗೆಲ್ಲುತ್ತೀರಿ’ ಎನ್ನುವವನ ಹತ್ತಿರ ಸುಳಿಯಬೇಡಿ.

ಹಣವಿಲ್ಲದವರ ಗತಿಯೇನೆಂದು ಕೇಳುವವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ನು ಬಲ್ಲರೇ? ಅದರ 12ನೆಯ ಕಲಮಿನ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವುಂಟು. ಇದು ಸರಕಾರದ ಭಿಕ್ಷೆಯಲ್ಲ, ಸಂವಿಧಾನದ 39ಎ ವಿಧಿಯ ಫಲ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲೂಕು ಮಟ್ಟದಲ್ಲಿ ಸಮಿತಿಗಳಿವೆ, 15100 ಎಂಬ ದೂರವಾಣಿಯೂ ಇದೆ. ಪುಕ್ಕಟೆ ವಕೀಲ ಪುಕ್ಕಟೆಯಂತೆಯೇ ಕೆಲಸ ಮಾಡುತ್ತಾನೆಂದು ಮೂಗು ಮುರಿಯುವವರು ಒಮ್ಮೆಯಾದರೂ ಅಲ್ಲಿಗೆ ಹೋಗಿ ನೋಡಿದವರಲ್ಲ. ಒಂದು ಎಚ್ಚರ ಮಾತ್ರ ಬೇಕು. ಲೋಕ ಅದಾಲತ್ತಿನಲ್ಲಿ ರಾಜಿಗೆ ಸಹಿ ಹಾಕುವ ಮುನ್ನ ಕೇಳಬೇಕಾದುದನ್ನೆಲ್ಲ ಕೇಳಿಬಿಡಬೇಕು. ಅಲ್ಲಿಯ ತೀರ್ಪಿನ ಮೇಲೆ ಅಪೀಲಿಲ್ಲ.

ಕಳೆದ ಬೇಸಗೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು, ಈಗ ಅವಳೂ ಅಜ್ಜಿಯೇ, ಅಣ್ಣಂದಿರು ಕಳಿಸಿದ್ದ ಹಕ್ಕು ಬಿಡುಗಡೆ ಪತ್ರವನ್ನು ತಂದು ತೋರಿಸಿದಳು. ‘ತವರಿನ ಬಾಗಿಲು ಮುಚ್ಚಬಾರದಲ್ಲ ಸರ್, ಸಹಿ ಮಾಡಿಬಿಡ್ಲಾ?’ ಎಂದಳು. 2005ರ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದ ಸಮಾನ ಹಕ್ಕುದಾರಳನ್ನಾಗಿ ಮಾಡಿದೆ, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಗಟ್ಟಿಗೊಳಿಸಿದೆ ಎಂಬಷ್ಟು ನನಗೆ ಗೊತ್ತು. ಆದರೆ ಹಿಂದೆ ಆ ಮನೆಯಲ್ಲಿ ವಾಟ್ನಿಯಾಗಿದೆಯೇ, ಆಗಿದ್ದರೆ ನೋಂದಣಿಯಾಗಿದೆಯೇ, ಜಮೀನು ಪಿತ್ರಾರ್ಜಿತವೇ ಸ್ವಯಾರ್ಜಿತವೇ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅದನ್ನು ಹೇಳುವುದು ಮಾಸ್ತರನ ಕೆಲಸವಲ್ಲ. ಸಹಿ ಹಾಕಬೇಡವೆಂದೂ ಹೇಳಲಿಲ್ಲ, ಹಾಕೆಂದೂ ಹೇಳಲಿಲ್ಲ. ಪಹಣಿ, ತಂದೆಯ ಮರಣದ ದಾಖಲೆ, ಹಳೆಯ ವಾಟ್ನಿ ಪತ್ರದ ನಕಲು ಇಷ್ಟನ್ನೂ ಒಂದು ಚೀಲದಲ್ಲಿ ಹಾಕಿಸಿ, ತಾಲೂಕು ಸಮಿತಿಗೊಂದು ಚೀಟಿ ಬರೆದು, ಮರುದಿನದ ಮುಂಡಗೋಡ ಬಸ್ಸಿಗೆ ಹತ್ತಿಸಿದೆ.