3389ನೇ ಬಾಗಿಲು
ವೈಟ್‌ಫೀಲ್ಡಿನ ಆಫೀಸಿನಿಂದ ಮನೆಯ ಕಂಪ್ಯೂಟರ್ ತೆರೆಯುವುದು, ಮನೆಯಲ್ಲಿ ಕೂತು ಪೀಣ್ಯದ ವರ್ಕ್‌ಶಾಪಿನ ಟ್ಯಾಲಿ ನೋಡುವುದು ಈಗ ಹೊಸತೇನಲ್ಲ. 2020ರ ಲಾಕ್‌ಡೌನ್ ಅದನ್ನು ರೂಢಿ ಮಾಡಿಸಿತು, 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಮತ್ತೆ ಬೇಕಾಯಿತು. ನನ್ನ ತಕರಾರು ಇರುವುದು ಅದಕ್ಕೆ ಹಿಡಿಯುವ ಅಡ್ಡದಾರಿಯ ಮೇಲೆ: ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟನ್ನು ರೂಟರ್‌ನಲ್ಲಿ ಇಡೀ ಇಂಟರ್ನೆಟ್ಟಿಗೆ ತೆರೆದಿಡುವುದು. ಪಾಸ್‌ವರ್ಡ್ ಇದೆಯಲ್ಲ ಎನ್ನುತ್ತಾರೆ. 2019ರ ಮೇ ತಿಂಗಳಲ್ಲಿ ಬಯಲಾದ ಬ್ಲೂಕೀಪ್ ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ; 2014ರಲ್ಲೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ ಹಾಕಬೇಕಾಯಿತು. ನಮ್ಮ ಲೇತ್ ಅಂಗಡಿಯ ಲೆಕ್ಕ ಯಾರಿಗೆ ಬೇಕು ಎಂಬ ಮಾತೂ ಉಂಟು. ಹಗಲೂ ರಾತ್ರಿ ಬಾಗಿಲು ತಟ್ಟುತ್ತ ಹೋಗುವ ಸ್ಕ್ಯಾನರ್‌ಗೆ ಅಂಗಡಿ ಯಾರದೆಂದು ಗೊತ್ತಿರುವುದಿಲ್ಲ. ಒಳಗೆ ಸಿಕ್ಕ ಜಿಎಸ್‌ಟಿ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವುದಕ್ಕೆ ಅದು ಗೊತ್ತಿರಬೇಕಾಗಿಯೂ ಇಲ್ಲ. ಪೋರ್ಟ್ ಸಂಖ್ಯೆ ಬದಲಿಸಿದರೆ ಇನ್ನಷ್ಟು ಬಾಗಿಲು ತಟ್ಟೀತು, ಅಷ್ಟೆ. ವೈರ್‌ಗಾರ್ಡ್‌ನಂಥ ವಿಪಿಎನ್ ಹಾಗಲ್ಲ, ಸರಿಯಾದ ಕೀಲಿ ಇಲ್ಲದವರಿಗೆ ಅದು ಓಗೊಡುವುದೇ ಇಲ್ಲ. ಅದರ ಸೆಟಪ್ ತಲೆನೋವು ಎಂಬುದು ನಿಜವಾದ ಆಕ್ಷೇಪ. ಆದರೆ ಎಷ್ಟೋ ಫೈಬರ್ ಕನೆಕ್ಷನ್‌ಗಳಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವುದರಿಂದ, ಸುಲಭವೆನ್ನುವ ಪೋರ್ಟ್ ತೆರೆಯುವ ದಾರಿ ಅಲ್ಲಿ ನಡೆಯುವುದೂ ಇಲ್ಲ; ಟೇಲ್‌ಸ್ಕೇಲ್‌ನಂಥ ವಿಪಿಎನ್ ಆ್ಯಪ್ ಹಾಕಿಕೊಂಡರೆ ಸೆಟಪ್ ಅರ್ಧ ಗಂಟೆಯ ಕೆಲಸ. ಉಳಿಯುವುದು ಕರೆಂಟು: ಅದಕ್ಕೆ ರೂಟರಿಗೊಂದು ಪುಟ್ಟ ಯುಪಿಎಸ್, ಬಯಾಸ್‌ನಲ್ಲಿ ಕರೆಂಟ್ ಮರಳಿದಾಗ ಕಂಪ್ಯೂಟರ್ ತಾನೇ ಆನ್ ಆಗುವ ಆಯ್ಕೆ.