ಸ್ಪೀಕರಿಗಿಂತ ಮೊದ್ಲು ಗೋಡೆ ನೋಡ್ರಮ್ಮ

ಮನೇಲಿ ಒಂದು ರೂಮು ಖಾಲಿ ಆದ್ರೆ ಸಾಕು, ಹುಡುಗ್ರು ಹೋಂ ಥಿಯೇಟರ್ ಅಂತಾರೆ. 2018ರಲ್ಲಿ ನಮ್ಮೂರ ಹೆಸರಿಟ್ಕೊಂಡು ಕೆಜಿಎಫ್ ಸಿನ್ಮಾ ಬಂದ್ಮೇಲಂತೂ ಆ ಗುಡುಗು ಮನೇಲೇ ಕೇಳ್ಬೇಕಂತೆ. ಮಾಡ್ಲಿ, ಬೇಡ ಅನ್ನಲ್ಲ. ದುಡ್ಡೆಲ್ಲ ಸ್ಪೀಕರಿಗೇ ಸುರಿಯೋದು ಮಾತ್ರ ನಂಗೆ ಸರಿ ಕಾಣಲ್ಲ.

ಖಾಲಿ ರೂಮಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಸದ್ದು ಗಿಣ್ ಅಂತ ನಿಲ್ತದಾ? ಟೈಲ್ಸು, ಸಿಮೆಂಟ್ ಗೋಡೆ ಸದ್ದನ್ನ ವಾಪಸ್ ಎಸೀತವೆ. ಅಂಥ ಕಡೆ ಎಷ್ಟು ದುಬಾರಿ ಸ್ಪೀಕರ್ ಇಕ್ಕಿದ್ರೂ ಮಾತು ತಿಳಿಯಲ್ಲ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಗೋಡೆಗೆ ಹಳೇ ಹತ್ತಿ ಬೊಂತೆ ಹಾಕಿ. ಸ್ಪೀಕರು ಕೂತೋರ ಕಿವಿ ಮಟ್ಟಕ್ಕಿರ್ಲಿ. ಢಂ ಢಂ ಅನ್ನೋ ಸಬ್‌ವೂಫರ್ ಮೂಲೇಲಿದ್ರೆ ಇನ್ನೂ ಗುಂಯ್ಗುಡ್ತದೆ, ಈಚೆಗೆ ಎಳೀರಿ.

ಆ ಢಂ ಢಂ ಬೊಂತೆಗೂ ಬಗ್ಗಲ್ಲ, ಮೊಟ್ಟೆ ಟ್ರೇಗೂ ಬಗ್ಗಲ್ಲ. ಗಣಿ ಲೈನ್ ಮನೆಗಳು ಒಂದಕ್ಕೊಂದು ಅಂಟ್ಕೊಂಡವೆ, ನಮ್ಮ ಗೋಡೆನೇ ಪಕ್ಕದೋರ ಗೋಡೆ. 2001ರಲ್ಲಿ ಗಣಿ ಮುಚ್ಚಿದ್ಮೇಲೆ ಎಷ್ಟು ಜನ ರೈಲಲ್ಲಿ ಬೆಂಗ್ಳೂರಿಗೆ ದುಡಿಯೋಕೆ ಹೋಗ್ಬರ್ತಾರೆ. ನಾವು ಸಿನ್ಮಾ ಹಾಕೋ ಹೊತ್ತು ಅವ್ರು ಮಲಗೋ ಹೊತ್ತು. ಅದಕ್ಕೇ ನಾನಂತೀನಿ, ಲೈನ್ ಮನೇಲಿ ಸಬ್‌ವೂಫರೇ ಬೇಡ, ಎರಡು ಒಳ್ಳೇ ಸ್ಪೀಕರ್ ಸಾಕು. ಗುಡುಗೇ ಬೇಕಂದ್ರೆ ಟಾಕೀಸಿಗೆ ಹೋಗ್ಬರ್ಲಿ.