ತೊಗಲು ಕ್ಷಮಿಸದು

ಬಟ್ಟೆಯ ಸ್ವಭಾವ ಬಹಳ ಉದಾರವಾದುದು. ಹೊಲಿಗೆ ಸೊಟ್ಟಗಾದರೆ ದಾರವನ್ನು ಬಿಚ್ಚಿ, ಉಗುರಿನಿಂದ ನಾಲ್ಕು ಸಲ ಗೀರಿದರೆ ಸೂಜಿ ಹಾಯ್ದ ಗುರುತೇ ಮಾಯವಾಗುತ್ತದೆ. ತೊಗಲು ಹಾಗಲ್ಲ. ಅದರಲ್ಲಿ ಒಮ್ಮೆ ಬಿದ್ದ ತೂತು ಬಿದ್ದುದೇ. ಬಿಚ್ಚಿ ಮತ್ತೆ ಹೊಲಿಯಹೊರಟರೆ ತೂತಿನ ಪಕ್ಕದಲ್ಲಿ ಇನ್ನೊಂದು ತೂತು ಬಿದ್ದು, ಹದಿನೈದು ದಿನಗಳಲ್ಲಿ ಅಲ್ಲಿಯೇ ಹರಿಯುತ್ತದೆ. ಆದ್ದರಿಂದ ತೊಗಲು ಹೊಲಿಯುವ ಯಂತ್ರ ಮುನಿಸಿಕೊಂಡರೆ ನಷ್ಟವಾಗುವುದು ಗಳಿಗೆಯ ಹೊತ್ತು ಮಾತ್ರವಲ್ಲ, ಮಾಲು ಕೂಡ.

“ಇದರಿಂದ ನಮಗೇನಾಗಬೇಕು? ನಾವೇನು ಚಪ್ಪಲಿ ಹೊಲಿಯುವವರೆ?” ಎಂದು ವಾಚಕರು ಕೇಳಬಹುದು. ಹೊಲಿಯುವವರಲ್ಲದಿದ್ದರೂ ನಾವೆಲ್ಲ ತೊಡುವವರು. ಮನೆಯೊಡೆಯನ ಪಾದರಕ್ಷೆ, ಮಗಳ ಕೈಚೀಲ, ಸೊಂಟದ ಪಟ್ಟಿ, ಪ್ರಯಾಣದ ಪೆಟ್ಟಿಗೆಯ ಹಿಡಿ, ಇವೆಲ್ಲ ನಿಂತಿರುವುದು ಹೊಲಿಗೆಯ ಮೇಲೆ. ಹಿಡಿ ಕಿತ್ತುಬಂದಾಗ “ತೊಗಲು ಕಳಪೆ” ಎಂದು ಬಯ್ಯುವುದು ವಾಡಿಕೆ. ಹಲವು ವೇಳೆ ತೊಗಲು ನಿರ್ದೋಷಿ, ಸೋತಿರುವುದು ಹೊಲಿಗೆ.

ಕನ್ನಡಿಗರಿಗೆ ಈ ಕಸುಬು ಅಪರಿಚಿತವೂ ಅಲ್ಲ, ಅಲ್ಪವೂ ಅಲ್ಲ. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿಯೇ ಉಳಿ, ಕತ್ತಿ, ಅಡಿಗುಂಟಗಳು ಸೇರಿಕೊಂಡಿವೆ. ತನ್ನ ಹತ್ಯಾರುಗಳ ಹೆಸರನ್ನೇ ದೇವರ ಹೆಸರಿನೊಡನೆ ಹೆಣೆದವನು ಆತ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರೆಂಬ ಕಥೆಯನ್ನು ನಮ್ಮಲ್ಲಿ ಅರಿಯದವರಾರು? ದಕ್ಷಿಣ ಆಫ್ರಿಕದಲ್ಲಿದ್ದಾಗ ಚಪ್ಪಲಿ ಹೊಲಿಯುವುದನ್ನು ಕಲಿತ ಗಾಂಧೀಜಿ, ತಾವು ಮಾಡಿದ ಜೊತೆಯೊಂದನ್ನು ತಮ್ಮನ್ನು ಸೆರೆಗೆ ಕಳುಹಿಸಿದ್ದ ಜನರಲ್ ಸ್ಮಟ್ಸರಿಗೇ ಉಡುಗೊರೆಯಾಗಿ ಕೊಟ್ಟರು.

ಕೈಹೊಲಿಗೆಯಲ್ಲಿ ಉಳಿ ತೂತು ಕೊರೆಯುತ್ತದೆ, ಕೈ ದಾರವನ್ನು ಎಳೆಯುತ್ತದೆ. ಯಂತ್ರದಲ್ಲಿ ಈ ಎರಡನ್ನೂ ಸೂಜಿಯೊಂದೇ ಮಾಡಬೇಕು. ೧೮೪೬ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಹಿಂಬದಿಯಲ್ಲಿರದೆ ಮೊನೆಯ ಬಳಿಯಿತ್ತು. ಮೇಲಿನದೊಂದು, ಕೆಳಗಿನದೊಂದು, ಹೀಗೆ ಎರಡು ದಾರಗಳು ಪರಸ್ಪರ ತೊಡರಿಕೊಂಡು ಹೊಲಿಗೆಯಾಗುತ್ತಿತ್ತು. ೧೮೫೮ರಲ್ಲಿ ಲೈಮನ್ ಬ್ಲೇಕ್ ಎಂಬಾತ ಪಾದರಕ್ಷೆಯ ಅಟ್ಟೆಯನ್ನು ಹೊಲಿಯುವ ಯಂತ್ರಕ್ಕೆ ಹಕ್ಕು ಪಡೆದ.

ಯಂತ್ರದ ರೋಗಗಳನ್ನು ತಿಳಿಯಬೇಕಾದರೆ ಅದರ ಆರೋಗ್ಯ ಹೇಗಿರುತ್ತದೆಂಬುದನ್ನು ಮೊದಲು ತಿಳಿಯಬೇಕು. ಸೂಜಿ ದಾರವನ್ನು ಹೊತ್ತು ಕೆಳಗಿಳಿಯುತ್ತದೆ. ತಳ ಮುಟ್ಟಿ, ಸುಮಾರು ೨ ಮಿಲಿಮೀಟರಿನಷ್ಟು ಮೇಲೇಳುವಾಗ ಅದರ ಪಕ್ಕದಲ್ಲಿ ದಾರ ಸಡಿಲಗೊಂಡು ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಆ ಕ್ಷಣದಲ್ಲಿಯೇ ಕೆಳಗಿನ ಕೊಕ್ಕೆ ಬಂದು ಕುಣಿಕೆಯನ್ನು ಹಿಡಿದು, ಬಾಬಿನ್ನಿನ ದಾರವನ್ನು ಅದರೊಳಗೆ ಹಾಯಿಸುತ್ತದೆ. ಕುಣಿಕೆ ಏಳದಿದ್ದರೆ ಕೊಕ್ಕೆ ಬರಿಗೈಯಲ್ಲಿ ಹಿಂದಿರುಗುತ್ತದೆ. ಹೊಲಿಗೆ ತಪ್ಪುವುದೆಂದರೆ ಇಷ್ಟೆ.

ಇಷ್ಟನ್ನು ತಿಳಿಯದೆ ಎಷ್ಟು ಹಣ ಪೋಲಾಗಬಹುದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇನೆ. ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ ನನಗೆ ಪರಿಚಿತರಾದ ತಂದೆ ಮಕ್ಕಳಿಬ್ಬರು ತೊಗಲ ಕೆಲಸ ಮಾಡುತ್ತಾರೆ. ತಂದೆಗೆ ಅರುವತ್ತು ದಾಟಿದೆ. ಉಳಿಯೊಂದನ್ನೇ ನಂಬಿ ಸಂಸಾರ ಸಾಗಿಸಿದವರು. ಮಗ ಸಾಲ ಮಾಡಿ ಹಳೆಯ ಯಂತ್ರವೊಂದನ್ನು ತಂದ. ಜಾತ್ರೆಯೊಳಗೆ ಎತ್ತುಗಳ ಗೆಜ್ಜೆಪಟ್ಟಿಗಳನ್ನು ಒಪ್ಪಿಸಬೇಕೆಂದು ಮಾತಾಗಿತ್ತು. ಮುಂಗಡವಾಗಿ ಬಂದ ಹಣ ತೊಗಲು ಕೊಳ್ಳುವುದಕ್ಕೇ ಮುಗಿದಿತ್ತು. ಒಂದು ಪದರದ ತೊಗಲಾದರೆ ಯಂತ್ರ ಸರಾಗವಾಗಿ ಹೊಲಿಯುತ್ತಿತ್ತು. ಎರಡು ಪದರ ಸೇರಿಸಿದೊಡನೆಯೇ ಹತ್ತರಲ್ಲಿ ಮೂರು ಹೊಲಿಗೆ ತಪ್ಪುತ್ತಿತ್ತು. ನೋಡಲು ಬಂದ ರಿಪೇರಿಯವನು “ಕೊಕ್ಕೆ ಸವೆದಿದೆ, ಹೊಸದೇ ಬೇಕು” ಎಂದ. ಅದರ ಬೆಲೆ ಆ ಕೆಲಸದ ಲಾಭವನ್ನೆಲ್ಲ ನುಂಗುವಷ್ಟಿತ್ತು.

ಹುಡುಗ ತಲೆಯ ಮೇಲೆ ಕೈಹೊತ್ತು ಕುಳಿತಾಗ ಮುದುಕರು ಯಂತ್ರದ ಮುಂದೆ ಕುಳಿತು, ಚಕ್ರವನ್ನು ಕೈಯಿಂದಲೇ ಮೆಲ್ಲನೆ ತಿರುಗಿಸತೊಡಗಿದರು.

“ಮಗಾ, ಸೂಜಿ ಏಳೋವಾಗ ತೊಗಲೂ ಅದರ ಜೊತೀಗೇ ಏಳ್ತೈತೆ ನೋಡು. ಕೈಯಾಗೆ ಹೊಲಿಯೋವಾಗ ನಾವು ಮೊಣಕಾಲಾಗೆ ಅದುಮಿ ಹಿಡಿತೀವಿ. ಇದನ್ನ ಹಿಡಿಯೋರು ಯಾರು?”

“ಪಾದ ಐತಲ್ಲಪ್ಪಾ.”

“ಐತೆ. ಆದ್ರೆ ಅದುಮ್ತಾ ಇಲ್ಲ.”

ರೋಗ ಅಲ್ಲಿಯೇ ಇತ್ತು. ದಪ್ಪ ತೊಗಲು ಸೂಜಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಪಾದದ ಒತ್ತಡ ಸಾಲದಿದ್ದರೆ ಸೂಜಿಯೊಡನೆ ತೊಗಲೂ, ತೊಗಲಿನೊಡನೆ ದಾರವೂ ಮೇಲೇಳುತ್ತವೆ. ಆಗ ದಾರ ಸಡಿಲವಾಗುವುದೆಲ್ಲಿ, ಕುಣಿಕೆ ಉಬ್ಬುವುದೆಲ್ಲಿ? ಒತ್ತಡದ ತಿರುಪನ್ನು ಬಿಗಿದು, ಸೂಜಿಯನ್ನು ಒಂದು ನಂಬರು ದಪ್ಪಗೆ ಮಾಡಿದರು. ಹಳೆಯ ಕೊಕ್ಕೆಯೇ ಕೆಲಸ ಮಾಡಿತು. ಪಟ್ಟಿಗಳು ಜಾತ್ರೆಗೆ ಮುಂಚೆಯೇ ಎತ್ತುಗಳ ಕೊರಳೇರಿದವು. ಯಂತ್ರವನ್ನು ಎಂದೂ ಮುಟ್ಟದವರು ಅದರ ರೋಗವನ್ನು ಕಂಡರು. ಏಕೆಂದರೆ ಅವರು ನೋಡಿದುದು ಯಂತ್ರವನ್ನಲ್ಲ, ತೊಗಲನ್ನು.

ಆದುದರಿಂದ ಪರೀಕ್ಷೆಗೆ ಒಂದು ಕ್ರಮವಿರಬೇಕು. ಅಗ್ಗದ ಕಾರಣಗಳನ್ನು ಮೊದಲು, ದುಬಾರಿಯ ಕಾರಣಗಳನ್ನು ಕೊನೆಗೆ ನೋಡುವುದೇ ಆ ಕ್ರಮ.

ಮೊದಲು ಸೂಜಿ. ಬಟ್ಟೆಯ ಸೂಜಿಯ ಮೊನೆ ಎಳೆಗಳನ್ನು ಸರಿಸಿಕೊಂಡು ಹೋಗುತ್ತದೆ. ತೊಗಲಿನಲ್ಲಿ ಸರಿಸಲು ಎಳೆಗಳಿಲ್ಲ. ಅದಕ್ಕೆ ಕತ್ತಿಯಂತೆ ಸೀಳುವ ಮೊನೆಯ ಸೂಜಿಯೇ ಬೇಕು. ಸೂಜಿಯನ್ನು ಪೂರ್ತಿ ಮೇಲಕ್ಕೆ ದೂಡಿ ಬಿಗಿದಿರಬೇಕು. ಉದ್ದನೆಯ ಗೀರು ದಾರ ಹೊಗುವ ಕಡೆಗೂ, ಕಣ್ಣಿನ ಮೇಲಿನ ತಗ್ಗು ಕೊಕ್ಕೆಯ ಕಡೆಗೂ ಇರಬೇಕು. ಇದು ತಿರುಗುಮುರುಗಾದರೆ ಎಷ್ಟು ಎಣ್ಣೆ ಬಿಟ್ಟರೂ ಹೊಲಿಗೆ ಬೀಳದು. ಅಂಟು ಬಳಿದ ತೊಗಲನ್ನು ಹೊಲಿಯುವಾಗ ಸೂಜಿಗೆ ಅಂಟು ಹತ್ತಿಯೂ ಹೊಲಿಗೆ ತಪ್ಪುವುದುಂಟು, ಆಗಾಗ ಒರೆಸಬೇಕು.

ಎರಡನೆಯದು, ಸೂಜಿಗೂ ದಾರಕ್ಕೂ ಇರುವ ಹೊಂದಾಣಿಕೆ. ಸೂಜಿಯ ಮೇಲೆ ಎರಡು ಅಂಕಿಗಳಿರುತ್ತವೆ. ೧೮ನೆಯ ನಂಬರು ಎಂದರೆ ೧೧೦, ಅಂದರೆ ಸೂಜಿಯ ದಪ್ಪ ೧.೧೦ ಮಿಲಿಮೀಟರು; ೨೨ ಎಂದರೆ ೧೪೦; ೨೩ ಎಂದರೆ ೧೬೦. ದಾರದ ಅಳತೆ ಟೆಕ್ಸ್. ಸಾವಿರ ಮೀಟರು ದಾರ ಎಷ್ಟು ಗ್ರಾಮು ತೂಗುವುದೋ ಅಷ್ಟು ಟೆಕ್ಸ್. ೭೦ ಟೆಕ್ಸಿನ ದಾರಕ್ಕೆ ೧೮ನೆಯ ನಂಬರು ಸಾಕು. ೧೩೫ ಟೆಕ್ಸಿಗೆ ೨೨ ಅಥವಾ ೨೩ ಬೇಕು. ಪರೀಕ್ಷೆ ಸುಲಭ. ಬಿಡಿ ಸೂಜಿಗೆ ದಾರ ಪೋಣಿಸಿ, ದಾರವನ್ನು ಓರೆಯಾಗಿ ಬಿಗಿಹಿಡಿಯಿರಿ. ಸೂಜಿ ತನ್ನ ಭಾರಕ್ಕೆ ತಾನೇ ಜಾರಿದರೆ ಸರಿ. ನಿಂತುಕೊಂಡರೆ ಕಣ್ಣು ಸಣ್ಣದು, ದಾರ ಹಿಂಜಿ ತುಂಡಾಗುವುದು ಖಂಡಿತ.

ಮೂರನೆಯದು, ದಾರದ ಹಾದಿ. ತೊಗಲಿನ ಕೆಳಭಾಗದಲ್ಲಿ ದಾರ ಗುಬ್ಬಿಯ ಗೂಡಿನಂತೆ ಕಟ್ಟಿಕೊಂಡರೆ ಎಲ್ಲರೂ ಬಾಬಿನ್ನನ್ನು ದೂರುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿರುತ್ತದೆ. ಮೇಲಿನ ದಾರ ಬಿಗಿತದ ಬಿಲ್ಲೆಗಳ ನಡುವೆ ಕುಳಿತಿರುವುದಿಲ್ಲ. ಪಾದವನ್ನು ಎತ್ತಿದಾಗ ಮಾತ್ರ ಆ ಬಿಲ್ಲೆಗಳು ತೆರೆಯುತ್ತವಾದ್ದರಿಂದ ಪಾದ ಎತ್ತಿಯೇ ದಾರ ಪೋಣಿಸಬೇಕು. ಮೊದಲ ಎರಡು ಮೂರು ಹೊಲಿಗೆಗಳಿಗೆ ಎರಡೂ ದಾರಗಳ ತುದಿಯನ್ನು ಕೈಯಲ್ಲಿ ಹಿಡಿದಿರಬೇಕು.

ನಾಲ್ಕನೆಯದು ಬಿಗಿತ. ಎರಡು ದಾರಗಳು ತೊಡರುವ ಗಂಟು ತೊಗಲಿನ ದಪ್ಪದ ನಡುವೆ ಅಡಗಿರಬೇಕು. ಕೆಳದಾರ ಮೇಲೆ ಚುಕ್ಕೆಯಾಗಿ ಕಂಡರೆ ಮೇಲಿನ ಬಿಗಿತ ಹೆಚ್ಚಾಗಿದೆ, ಇಲ್ಲವೆ ಕೆಳಗಿನದು ಸಡಿಲವಾಗಿದೆ. ತೆಳು ತೊಗಲಿನಲ್ಲಿ ದಪ್ಪ ದಾರದ ಗಂಟು ಅಡಗಲು ಜಾಗವೇ ಇಲ್ಲ. ಅಲ್ಲಿ ದಾರವನ್ನೇ ಬದಲಿಸಬೇಕು.

ಐದನೆಯದು ಪಾದದ ಒತ್ತಡ, ಧರ್ಮಪುರದ ಪಾಠ. ಆದರೆ ಅತಿಯಾದರೆ ಮೃದು ತೊಗಲಿನ ಮೇಲೆ ಪಾದದ ಅಚ್ಚು ಉಳಿಯುತ್ತದೆ. ಆರನೆಯದು ವೇಗ. ವೇಗ ಹೆಚ್ಚಿದಂತೆ ಸೂಜಿ ಕಾದು ನೈಲಾನ್ ದಾರ ಕರಗುತ್ತದೆ. ಸೂಜಿಗಳು ಮೇಲಿಂದ ಮೇಲೆ ಮುರಿಯುತ್ತಿದ್ದರೆ ನಮ್ಮ ಕೈಯನ್ನೇ ಗಮನಿಸಬೇಕು: ತೊಗಲನ್ನು ಹಿಂದಿನಿಂದ ಎಳೆದರೆ ಸೂಜಿ ಬಾಗಿ ತಗಡಿಗೆ ಬಡಿಯುತ್ತದೆ. ಮುಂದೊಯ್ಯುವುದು ಯಂತ್ರದ ಕೆಲಸ, ದಾರಿ ತೋರುವುದಷ್ಟೆ ನಮ್ಮ ಕೆಲಸ.

ಇವೆಲ್ಲ ಸರಿಯಿದ್ದೂ ಹೊಲಿಗೆ ತಪ್ಪಿದರೆ ಕೊನೆಗೆ ಕೊಕ್ಕೆ. ಅದರ ಮೊನೆ ಮೊಂಡಾಗಿದೆಯೆ, ಗರಕು ಬಂದಿದೆಯೆ, ಕುಣಿಕೆ ಏಳುವ ಹೊತ್ತಿಗೆ ಸರಿಯಾಗಿ ಬರುತ್ತಿದೆಯೆ ಎಂದು ನೋಡಬೇಕು. ಇಲ್ಲಿ ಮಾತ್ರ ಬಲ್ಲವರನ್ನು ಕರೆಯುವುದೇ ಲೇಸು. ಯಾವ ತಿರುಪನ್ನು ತಿರುಗಿಸಿದರೂ ಒಂದು ಸಲಕ್ಕೆ ಒಂದನ್ನೇ ತಿರುಗಿಸಿ, ಅದೇ ತೊಗಲಿನ, ಅಷ್ಟೇ ಪದರದ ಚೂರಿನ ಮೇಲೆ ಹೊಲಿದು ನೋಡಬೇಕು. ತಪ್ಪು ಚೂರಿನಲ್ಲಿ ಆಗಲಿ, ಮಾಲಿನಲ್ಲಿ ಬೇಡ.

ಇನ್ನು ಕೊಳ್ಳುವ ನಮಗೆರಡು ಮಾತು. ಚೀಲವನ್ನು ಕೈಗೆತ್ತಿಕೊಂಡಾಗ ಮೇಲಿನ ಹೊಳಪನ್ನು ನೋಡಿ ಮರುಳಾಗದೆ, ಪಟ್ಟಿಯನ್ನು ತಿರುಗಿಸಿ ಕೆಳಮುಖವನ್ನು ನೋಡಬೇಕು. ಅಲ್ಲಿಯೂ ಹೊಲಿಗೆ ಮೇಲಿನಷ್ಟೇ ಅಚ್ಚುಕಟ್ಟಾಗಿದ್ದರೆ ಹೊಲಿದವನು ಯಂತ್ರವನ್ನು ಬಲ್ಲವನು. ಹೊಲಿಗೆ ಒತ್ತೊತ್ತಾಗಿದ್ದರೆ ಗಟ್ಟಿಯೆಂಬುದು ಭ್ರಮೆ. ಅಂಚೆಚೀಟಿಯ ಹಾಳೆಯಲ್ಲಿ ತೂತುಗಳನ್ನು ಒತ್ತಾಗಿ ಹೊಡೆದಿರುವುದು ಸುಲಭವಾಗಿ ಹರಿಯಲೆಂದೇ ಅಲ್ಲವೆ? ಚೀಲ, ಪಟ್ಟಿಗಳಿಗೆ ಅಂಗುಲಕ್ಕೆ ಆರರಿಂದ ಎಂಟು ಹೊಲಿಗೆ ಸಾಕು. ಅಂಥ ಕೆಲಸ ಕಂಡಲ್ಲಿ ಹೊಲಿದವನೊಡನೆ ನಾಲ್ಕು ಕಾಸಿಗೆ ಚೌಕಾಸಿ ಮಾಡದಿರುವುದೇ ಒಳ್ಳೆಯದು. ತೊಗಲು ಅವನ ಒಂದು ತಪ್ಪನ್ನೂ ಕ್ಷಮಿಸಿಲ್ಲ ಎಂಬುದನ್ನು ನೆನೆದರೆ ಸಾಕು.